ಐನೂರು ಪ್ರತಿಗಳ ಪತ್ರಿಕೆ

(ಮಡಿಕೇರಿಯಲ್ಲಿ ನಡೆದ ಸಾಹಿತ್ಯಾಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಸಣ್ಣ ಸಾಹಿತ್ಯ ಪತ್ರಿಕೆಗಳ ವಿಷಯ ಎಲ್ಲಿ ಬಂದರೂ ಮಾತು ಹಣದಿಂದ ಆರಂಭವಾಗಿ ಹಣದಲ್ಲೇ ಮುಗಿಯುತ್ತದೆ. ಚಂದಾದಾರರು ಸಿಗಲಿಲ್ಲ, ಜಾಹೀರಾತು ಬರಲಿಲ್ಲ, ಕಾಗದದ ಬೆಲೆ ಏರಿತು, ಕಡೆಗೆ ಪತ್ರಿಕೆ ನಿಂತಿತು ಎಂಬ ಕಥೆಯನ್ನು ನೀವೆಲ್ಲ ಹಲವು ಸಲ ಕೇಳಿದ್ದೀರಿ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಈ ಊರಿನಿಂದ ಒಂದು ತ್ರೈಮಾಸಿಕವನ್ನು ಹೊರತರುತ್ತಿರುವ ನನಗೆ ಅನಿಸಿರುವುದು ಬೇರೆ. ಹಣದ ಕೊರತೆ ಎಷ್ಟೆಂದು ಲೆಕ್ಕ ಹಾಕಬಹುದು, ಲೆಕ್ಕಕ್ಕೆ ಸಿಕ್ಕಿದ್ದನ್ನು ನಾಲ್ಕು ಜನ ಸೇರಿ ಹೇಗಾದರೂ ತುಂಬಬಹುದು. ಬಂದ ಬರಹವನ್ನು ಪೂರ್ತಿಯಾಗಿ ಓದಿ, ಬರೆದವರಿಗೆ ಒಂದು ಪ್ರಾಮಾಣಿಕ ಉತ್ತರ ಕೊಡುವ ಕೆಲಸವಿದೆಯಲ್ಲ, ಅದು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ನಾನು ಕಂಡಂತೆ ಪತ್ರಿಕೆಗಳು ಸೊರಗುವುದು ಅಲ್ಲಿಂದ. ಹಣದ ಮಾತನ್ನು ಮೊದಲು ಮುಗಿಸಿಬಿಡೋಣ, ಆಮೇಲೆ ಆ ಕಡೆಗೆ ಬರುತ್ತೇನೆ.

ಡೆಮಿ ಅಷ್ಟಪತ್ರ ಆಕಾರದ ಪತ್ರಿಕೆಯನ್ನು ತೆಗೆದುಕೊಳ್ಳಿ. ಒಂದು ದೊಡ್ಡ ಹಾಳೆಯ ಎರಡೂ ಬದಿ ಸೇರಿ ಹದಿನಾರು ಪುಟ ಅಚ್ಚಾಗುತ್ತದೆ. ಮುದ್ರಕರು ಇದನ್ನು ಒಂದು ಫಾರಂ ಎನ್ನುತ್ತಾರೆ. 96 ಪುಟವೆಂದರೆ ಆರು ಫಾರಂ. ಒಂದು ರೀಮಿನಲ್ಲಿ 500 ಹಾಳೆ ಇರುವುದರಿಂದ ಐನೂರು ಪ್ರತಿ ಹಾಕಿಸಿದರೆ ಫಾರಂ ಒಂದಕ್ಕೆ ಒಂದು ರೀಮು, ಒಟ್ಟು ಆರು ರೀಮು, ಹಾಳಾಗುವ ಹಾಳೆಗಳಿಗೆಂದು ಮೇಲೆ ಸ್ವಲ್ಪ. ಆಫ್‌ಸೆಟ್ ಮುದ್ರಣದಲ್ಲಿ ಪ್ಲೇಟು ಮಾಡುವ ಮತ್ತು ಯಂತ್ರವನ್ನು ಹೊಂದಿಸುವ ಖರ್ಚು ನೂರು ಪ್ರತಿಗೂ ಸಾವಿರ ಪ್ರತಿಗೂ ಒಂದೇ ಆದ್ದರಿಂದ, ಮುದ್ರಕರು ಪ್ರತಿ ಸಲವೂ ಸಾವಿರ ಹಾಕಿಸಿ ಎಂದು ಒತ್ತಾಯಿಸುತ್ತಾರೆ, ಪ್ರತಿಯೊಂದರ ಬೆಲೆ ಎಷ್ಟು ಇಳಿಯುತ್ತದೆ ಎಂಬುದನ್ನು ಚೀಟಿಯ ಮೇಲೆ ಬರೆದು ತೋರಿಸುತ್ತಾರೆ. ಅವರ ಲೆಕ್ಕ ಸರಿಯಾಗಿಯೇ ಇರುತ್ತದೆ. ಮಾರಾಟವಾಗದ ಐನೂರು ಪ್ರತಿಗಳನ್ನು ಕೊಡಗಿನ ಮಳೆಗಾಲದಲ್ಲಿ ಎಲ್ಲಿಡಬೇಕು ಎಂಬುದು ಮಾತ್ರ ಆ ಚೀಟಿಯಲ್ಲಿ ಇರುವುದಿಲ್ಲ. ಜೂನಿನಿಂದ ಸೆಪ್ಟೆಂಬರಿನ ತನಕ ಗೋಡೆ ಬೆವರುವ ಮನೆಗಳಲ್ಲಿ ಕಾಗದದ ಕಟ್ಟು ಎರಡು ಮಳೆಗಾಲ ಕಂಡರೆ ಅಂಚಿನಲ್ಲಿ ಬೂಸಲು ಹಿಡಿಯುತ್ತದೆ, ಪುಟಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆದ್ದರಿಂದ ನಾವು ಐನೂರಕ್ಕೆ ನಿಂತಿದ್ದೇವೆ.

ಫಾರಂ ಎಂಬುದು ಬರಿಯ ಮುದ್ರಣಾಲಯದ ವಿಷಯವೆಂದು ತಿಳಿಯಬೇಡಿ. ಒಂದು ಒಳ್ಳೆಯ ಕಥೆ ಲೆಕ್ಕಕ್ಕಿಂತ ಐದು ಪುಟ ಹೆಚ್ಚಾದರೆ ಹೊಸ ಫಾರಂ ತೆರೆಯಬೇಕು, ತೆರೆದರೆ ಉಳಿದ ಹನ್ನೊಂದು ಪುಟವನ್ನು ತುಂಬಬೇಕು. ಸಣ್ಣ ಪತ್ರಿಕೆಗಳ ಸಂಪಾದಕೀಯ ಕೆಲವೊಮ್ಮೆ ಎರಡು ಪುಟ, ಕೆಲವೊಮ್ಮೆ ಏಳು ಪುಟ ಇರುವುದನ್ನು ನೀವು ಗಮನಿಸಿರಬಹುದು. ಸಂಪಾದಕರಿಗೆ ಆ ಮೂರು ತಿಂಗಳಲ್ಲಿ ಹೆಚ್ಚು ಹೊಳೆಯಿತು ಎಂದು ಅದರ ಅರ್ಥವಲ್ಲ.

ಮುದ್ರಣಕ್ಕಿಂತ ಕಠಿಣವಾದದ್ದು ಅಂಚೆ. 70 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 70 ಗ್ರಾಂ ತೂಗುವ ಕಾಗದದಲ್ಲಿ 96 ಪುಟ, ಮೇಲೆ ದಪ್ಪ ಮುಖಪುಟ ಎಂದರೆ ಪ್ರತಿಯೊಂದರ ತೂಕ ಸುಮಾರು 120 ಗ್ರಾಂ ಬರುತ್ತದೆ. ದಿನಪತ್ರಿಕೆ, ವಾರಪತ್ರಿಕೆ, ಮಾಸಪತ್ರಿಕೆಗಳಿಗೆ ಅಂಚೆಯಲ್ಲಿ ಪೈಸೆಗಳ ಲೆಕ್ಕದ ರಿಯಾಯಿತಿ ದರವೊಂದಿತ್ತು. 1898ರ ಅಂಚೆ ಕಾಯ್ದೆಯ ಒಂಬತ್ತನೆಯ ಕಲಮಿನ ಪ್ರಕಾರ ಆ ದರಕ್ಕೆ ನೋಂದಾಯಿಸಿಕೊಳ್ಳಬೇಕಾದರೆ ಎರಡು ಷರತ್ತುಗಳನ್ನು ಪೂರೈಸಬೇಕಿತ್ತು: ನಿಜವಾದ ಚಂದಾದಾರರ ಪಟ್ಟಿ ಇರಬೇಕು, ಮತ್ತು ಒಂದು ಸಂಚಿಕೆಗೂ ಇನ್ನೊಂದಕ್ಕೂ ನಡುವೆ 31 ದಿನಕ್ಕಿಂತ ಹೆಚ್ಚು ಅಂತರ ಇರಬಾರದು. 2023ರಲ್ಲಿ ಹೊಸ ಅಂಚೆ ಕಾಯ್ದೆ ಬರುವ ತನಕ ಇದೇ ಚೌಕಟ್ಟು. ಈ ಎರಡನೆಯ ಷರತ್ತಿನಲ್ಲಿ ಕನ್ನಡದ ತ್ರೈಮಾಸಿಕಗಳೆಲ್ಲ ಹೊರಗುಳಿದವು. ಯೋಚಿಸಿ ಬರೆದದ್ದಕ್ಕೆ, ತಿದ್ದಿ ಅಚ್ಚು ಹಾಕಿದ್ದಕ್ಕೆ ಮೂರು ತಿಂಗಳು ಬೇಕಾಗುತ್ತದೆ ಎಂಬುದು ಆ ಕಾಯ್ದೆ ಬರೆದವರ ಮನಸ್ಸಿನಲ್ಲಿ ಇರಲಿಲ್ಲ. ಅವರಿಗೆ ಪತ್ರಿಕೆ ಎಂದರೆ ಸುದ್ದಿ ಪತ್ರಿಕೆ. ಕಡಿಮೆ ಖರ್ಚಿನಲ್ಲಿ ಭದ್ರವಾಗಿ ಕಳುಹಿಸಲು ಇದ್ದ ಇನ್ನೊಂದು ದಾರಿ ರಿಜಿಸ್ಟರ್ಡ್ ಬುಕ್ ಪೋಸ್ಟ್. ಆ ಸೇವೆಯೂ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು, ಮರುವರ್ಷ ರಿಜಿಸ್ಟರ್ಡ್ ಅಂಚೆಯೇ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು.

ಕೊಡಗಿನ ವಿಳಾಸಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಚಂದಾದಾರರಲ್ಲಿ ಅನೇಕರಿಗೆ ಬೀದಿಯೂ ಇಲ್ಲ, ಮನೆ ಸಂಖ್ಯೆಯೂ ಇಲ್ಲ. ಮನೆತನದ ಹೆಸರು, ತೋಟದ ಹೆಸರು, 'ಗ್ರಾಮ ಮತ್ತು ಅಂಚೆ', ಅಷ್ಟೇ. ಮುಖ್ಯರಸ್ತೆಯಿಂದ ಮೂರು ಕಿಲೋಮೀಟರು ಒಳಗಿರುವ ತೋಟದ ಮನೆಗೆ ಬರಬೇಕಾದ ಪ್ರತಿ ಬಸ್ಸು ನಿಲ್ಲುವಲ್ಲಿನ ಅಂಗಡಿಯಲ್ಲಿ ಇಳಿಯುತ್ತದೆ. ಅಂಗಡಿಯವರು ಓದುತ್ತಾರೆ, ಬಸ್ಸಿಗೆ ಕಾಯುವವರು ಓದುತ್ತಾರೆ, ಚಂದಾ ಕಟ್ಟಿದವರ ಕೈಗೆ ಅದು ತಲುಪುವಾಗ ಹೊದಿಕೆ ಇರುವುದಿಲ್ಲ, ಒಂದೆರಡು ಪುಟದ ಮೇಲೆ ಕಾಫಿಯ ಗುರುತು ಇರುತ್ತದೆ. ಚಂದಾದಾರರೊಬ್ಬರು ಇದನ್ನು ದೂರಿ ಬರೆದಾಗ ನನಗೆ ಒಳಗೊಳಗೇ ಸಂತೋಷವಾಯಿತೆಂದು ಇಲ್ಲಿ ಹೇಳಿದರೆ ಅವರು ತಪ್ಪು ತಿಳಿಯಲಾರರು ಎಂದುಕೊಳ್ಳುತ್ತೇನೆ.

ನೋಂದಣಿಯ ವಿಷಯವನ್ನು ಬೇಗ ಮುಗಿಸುತ್ತೇನೆ. 1867ರ ಕಾಯ್ದೆಯ ಜಾಗದಲ್ಲಿ ನಿಯತಕಾಲಿಕಗಳ ನೋಂದಣಿಗೆಂದು 2023ರ ಕಾಯ್ದೆ ಬಂದು, 2024ರ ಮಾರ್ಚಿಯಿಂದ ಜಾರಿಯಲ್ಲಿದೆ. ಶೀರ್ಷಿಕೆಯ ಪರಿಶೀಲನೆಯೂ ನೋಂದಣಿಯೂ ಈಗ ಅಂತರ್ಜಾಲದಲ್ಲೇ ನಡೆಯುತ್ತವೆ, ಹಿಂದಿನಂತೆ ಜಿಲ್ಲಾ ದಂಡಾಧಿಕಾರಿಗಳ ಮುಂದೆ ಘೋಷಣೆ ಸಲ್ಲಿಸಬೇಕಾಗಿಲ್ಲ. ಮುಖಪುಟದ ಒಳಗೆ 'ಖಾಸಗಿ ಪ್ರಸಾರಕ್ಕೆ ಮಾತ್ರ' ಎಂದು ಹಾಕಿ ನೋಂದಣಿಯಿಲ್ಲದೆ ನಡೆಯುವ ಪತ್ರಿಕೆಗಳೂ ಇವೆ. ಹೊಸದಾಗಿ ಆರಂಭಿಸುವವರು ಮೊದಲ ಸಂಚಿಕೆಗೆ ಮುಂಚೆಯೇ ನೋಂದಣಿಯನ್ನು ಮುಗಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಮೂರನೆಯ ಸಂಚಿಕೆಯ ಹೊತ್ತಿಗೆ ಅದಕ್ಕೆ ಬಿಡುವಿರುವುದಿಲ್ಲ.

ಇನ್ನು ವರಮಾನ. ಬೇರೆ ಕಡೆ ಆರ್ಥಿಕ ವರ್ಷ ಏಪ್ರಿಲಿನಿಂದ ಮಾರ್ಚಿಗೆ, ನಮ್ಮಲ್ಲಿ ಕಾಫಿಯಿಂದ ಕಾಫಿಗೆ. ಅರೇಬಿಕಾ ಹಣ್ಣು ನವೆಂಬರಿನಲ್ಲಿ ಕೊಯ್ಲಿಗೆ ಬರುತ್ತದೆ, ರೊಬಸ್ಟಾ ಜನವರಿಯ ನಂತರ. ಕಾಫಿ ಒಣಗಿ ಮಾರಾಟವಾಗುವ ತನಕ ಚಂದಾ ನೆನಪಿಸಿ ಪತ್ರ ಬರೆದರೆ ಉಪಯೋಗವಿಲ್ಲ, ಮಳೆಗಾಲದಲ್ಲಿ ಬರೆಯುವುದಂತೂ ಅಸಭ್ಯತೆ. ಮಾರ್ಚ್-ಏಪ್ರಿಲಿನಲ್ಲಿ ಬರೆದರೆ ಮೂರು ವರ್ಷದ ಚಂದಾ ಒಟ್ಟಿಗೆ ಬರುತ್ತದೆ. ಜಾಹೀರಾತು ಕೊಡುವವರು ಸಹಕಾರ ಸಂಘಗಳು, ಕುಶಾಲನಗರದ ಕಡೆಯ ಕಾಫಿ ಸಂಸ್ಕರಣೆಯವರು, ಈಚೆಗೆ ಹೋಂಸ್ಟೇ ಮತ್ತು ರೆಸಾರ್ಟಿನವರು. ಕೊಡುವವರಲ್ಲಿ ಬಹುಮಂದಿ ಪತ್ರಿಕೆಯನ್ನು ಓದುವುದಿಲ್ಲ, ಓದದೆಯೇ ಕೊಡುವುದರಿಂದ ನಮಗೆ ಸ್ವಾತಂತ್ರ್ಯ ಉಳಿದಿದೆ. ತೊಂದರೆ ಬರುವುದು ಜಾಹೀರಾತಿನ ಜೊತೆಗೆ ಅದೇ ಲಕೋಟೆಯಲ್ಲಿ ಕವನವೊಂದನ್ನೂ ಇಟ್ಟು ಕಳುಹಿಸುವವರಿಂದ. ನಾವು ಅಂಥ ಲಕೋಟೆಯಿಂದ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವುದಿಲ್ಲ. ಕವನ ಚೆನ್ನಾಗಿದ್ದರೆ ಕವನವನ್ನು, ಇಲ್ಲವಾದರೆ ಎರಡನ್ನೂ ಹಿಂದಿರುಗಿಸಿ ಮುಂದಿನ ವರ್ಷ ಜಾಹೀರಾತನ್ನು ಮಾತ್ರ ಕೇಳಿಕೊಂಡು ಹೋಗುತ್ತೇವೆ. ಇದರಿಂದ ಹಣ ಕಳೆದುಕೊಂಡದ್ದುಂಟು, ಆದರೆ ಆ ಹಣ ಎಷ್ಟೆಂದು ನನಗೆ ಗೊತ್ತಿದೆ. ಹಣ ಲೆಕ್ಕಕ್ಕೆ ಸಿಗುತ್ತದೆ ಎಂದದ್ದು ಈ ಅರ್ಥದಲ್ಲಿಯೇ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗಲು ಅವಕಾಶ ಕೊಡಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ ಒಂದರಂದು ಹೊರಬಂತು, ಅದರ ಸಂಪಾದಕ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಎಂಬುದು ನಿಮಗೆ ತಿಳಿದದ್ದೇ. ಕಲ್ಲಚ್ಚಿನಲ್ಲಿ ಮುದ್ರಿಸುತ್ತಿದ್ದ ಆ ಪಾಕ್ಷಿಕ ಒಂದು ವರ್ಷದೊಳಗೆ ಮಂಗಳೂರು ಬಿಟ್ಟು, ಬಳ್ಳಾರಿಯ ಅಚ್ಚುಕೂಟಕ್ಕೆ ಹೋಗಿ, ಹೆಸರನ್ನೂ ಬದಲಿಸಿಕೊಂಡಿತು. ಅಂದರೆ ನಮ್ಮ ಭಾಷೆಯ ಮೊತ್ತಮೊದಲ ಸಂಪಾದಕನಿಗೂ ಮುದ್ರಣಾಲಯ ಹುಡುಕಿಕೊಂಡು ಊರೂರು ಅಲೆಯುವುದು ತಪ್ಪಲಿಲ್ಲ. ಹತ್ತು ವರ್ಷದ ಮೇಲೆ ಆ ಮೋಗ್ಲಿಂಗ್ ಕೊಡಗಿಗೆ ಬಂದು ಕೆಲಸ ಮಾಡಿದ, ಈ ನಾಡಿನ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1855ರಲ್ಲಿ ಅಚ್ಚಾಯಿತು. ಮುಂದೆ ಪಂದ್ಯಂಡ ಬೆಳ್ಳಿಯಪ್ಪನವರು 1921ರಲ್ಲಿ ಆರಂಭಿಸಿದ 'ಕೊಡಗು' ಪತ್ರಿಕೆ ಈ ನೆಲದ ರಾಜಕೀಯ ಎಚ್ಚರಕ್ಕೆ ಕಾರಣವಾಯಿತು. 1932ರಲ್ಲಿ ಮಡಿಕೇರಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರಾಗಿ ಬಂದವರು ಡಿ.ವಿ. ಗುಂಡಪ್ಪನವರು, ಅವರೂ ಪತ್ರಿಕೆ ನಡೆಸಿ ಕಷ್ಟ ಕಂಡವರೇ. ಪತ್ರಿಕೆಯ ಕೆಲಸ ಕೊಡಗಿಗೆ ಹೊಸತಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಪ್ರತಿಗಳ ಸಂಖ್ಯೆ ಕಡಿಮೆ ಎಂಬ ಕೊರಗಿಗೂ ಇತಿಹಾಸದಲ್ಲಿ ಉತ್ತರವಿದೆ. 1960ರ ದಶಕದಲ್ಲಿ ಗೋಪಾಲಕೃಷ್ಣ ಅಡಿಗರು ಸಂಪಾದಿಸಿದ 'ಸಾಕ್ಷಿ', 1964ರಲ್ಲಿ ಧಾರವಾಡದ ಮೂವರು ಗೆಳೆಯರು ಸೇರಿ ಹೊರಡಿಸಿದ 'ಸಂಕ್ರಮಣ', 1981ರಲ್ಲಿ ಅನಂತಮೂರ್ತಿಯವರು ಆರಂಭಿಸಿದ 'ಋಜುವಾತು', 2005ರಿಂದ ವಿವೇಕ ಶಾನಭಾಗರು ಏಳು ವರ್ಷ ನಡೆಸಿದ 'ದೇಶ ಕಾಲ', ಇವು ಯಾವುವೂ ಜನಪ್ರಿಯ ವಾರಪತ್ರಿಕೆಗಳ ಪ್ರಸಾರದ ಹತ್ತಿರಕ್ಕೂ ಬಂದವಲ್ಲ. ಆದರೆ ಆಯಾ ಕಾಲದಲ್ಲಿ ಕನ್ನಡದ ಬರಹಗಾರರು ಯಾವುದರ ಬಗ್ಗೆ ಜಗಳವಾಡುತ್ತಿದ್ದರು ಎಂದು ತಿಳಿಯಬೇಕಾದರೆ ಇಂದಿಗೂ ಆ ಸಂಚಿಕೆಗಳನ್ನೇ ತೆರೆಯಬೇಕು.

ಈಗ ನಾನು ಮೊದಲು ಹೇಳಿದ, ಬಂದ ಬರಹವನ್ನು ಓದಿ ಉತ್ತರಿಸುವ ಕೆಲಸದ ಕಡೆಗೆ ಬರುತ್ತೇನೆ.

ಬೆಂಗಳೂರಿನ ಸಂಪಾದಕರೊಬ್ಬರು ಕವನವೊಂದನ್ನು ಹಿಂದಿರುಗಿಸಿದರೆ ಆ ಕವಿಯ ಮುಖವನ್ನು ಅವರು ಮತ್ತೆ ನೋಡಬೇಕಾಗಿಲ್ಲ. ಕೊಡಗು ಕರ್ನಾಟಕದಲ್ಲೇ ಅತಿ ಕಡಿಮೆ ಜನಸಂಖ್ಯೆಯ ಜಿಲ್ಲೆ. 2011ರ ಜನಗಣತಿಯ ಪ್ರಕಾರ ನಾವು ಐದೂವರೆ ಲಕ್ಷದಷ್ಟು ಜನ. ಅದರಲ್ಲಿ ಕನ್ನಡದಲ್ಲಿ ಓದಿ ಬರೆಯುವ, ಸಾಹಿತ್ಯದ ಕಾರ್ಯಕ್ರಮಗಳಿಗೆ ಬರುವ ಜನರನ್ನು ತೆಗೆದುಕೊಂಡರೆ ಎಲ್ಲರೂ ಎಲ್ಲರಿಗೂ ಗೊತ್ತು. ಶನಿವಾರ ಕವನವನ್ನು ಹಿಂದಿರುಗಿಸಿದರೆ ಭಾನುವಾರ ಮದುವೆಯ ಊಟದ ಸಾಲಿನಲ್ಲಿ ಕವಿ ಪಕ್ಕದಲ್ಲೇ ಕುಳಿತಿರುತ್ತಾರೆ. 'ಏನು ಸಂಪಾದಕರೇ, ನಮ್ಮ ಕವನಕ್ಕೆ ಇನ್ನೂ ಮುಹೂರ್ತ ಕೂಡಿ ಬರಲಿಲ್ಲವಾ?' ಎಂದು ನಗುತ್ತ ಕೇಳುತ್ತಾರೆ, ಆ ನಗೆಯಲ್ಲಿ ನಗೆ ಇರುವುದಿಲ್ಲ. ಅವರು ನಿಮಗೆ ಶಾಲೆಯಲ್ಲಿ ಪಾಠ ಹೇಳಿದವರಾಗಿರಬಹುದು, ನಿಮ್ಮ ತಂದೆಯ ಗೆಳೆಯರಾಗಿರಬಹುದು, ನಿಮ್ಮ ಸಾಲದ ಅರ್ಜಿಗೆ ಜಾಮೀನು ಹಾಕಿದವರೂ ಆಗಿರಬಹುದು.

ಇಂಥ ಕಡೆ ಸಂಪಾದಕರು ಸಾಮಾನ್ಯವಾಗಿ ಹಿಡಿಯುವ ಹಾದಿ ಎರಡು. ಎಲ್ಲವನ್ನೂ ಪ್ರಕಟಿಸುವುದು ಒಂದು. ಆಗ ಪತ್ರಿಕೆ ಪರಿಚಿತರ ಪಟ್ಟಿಯಾಗುತ್ತದೆ, ಓದುವವರು ತಮ್ಮ ಹೆಸರಿರುವ ಪುಟವನ್ನು ನೋಡಿ ಮಡಚಿಡುತ್ತಾರೆ. 'ಪರಿಶೀಲನೆಯಲ್ಲಿದೆ' ಎಂದು ಹೇಳುತ್ತ ವರ್ಷಗಟ್ಟಲೆ ಸುಮ್ಮನಿರುವುದು ಇನ್ನೊಂದು. ಎರಡನೆಯದು ಸಭ್ಯತೆಯಂತೆ ಕಾಣುತ್ತದೆ, ಆದ್ದರಿಂದಲೇ ಅದು ಮೊದಲನೆಯದಕ್ಕಿಂತ ಕೆಟ್ಟದ್ದು. ಬರೆದವರು ಆ ಕವನವನ್ನು ಬೇರೆಡೆಗೆ ಕಳುಹಿಸುವಂತಿಲ್ಲ, ತಿದ್ದುವಂತಿಲ್ಲ, ಮರೆಯುವಂತೆಯೂ ಇಲ್ಲ. ಒಬ್ಬ ಹೊಸ ಬರಹಗಾರನನ್ನು ಬರೆಯದಂತೆ ಮಾಡಬೇಕಾದರೆ ನಿಂದಿಸಬೇಕಾಗಿಲ್ಲ, ಹೀಗೆ ಸುಮ್ಮನಿದ್ದರೆ ಸಾಕು.

ನಾವು ಇಟ್ಟುಕೊಂಡ ಪದ್ಧತಿ ಬಹಳ ಸರಳವಾದದ್ದು, ಆದರೆ ನಡೆಸುವುದು ಸುಲಭವಲ್ಲ. ಬಂದ ಬರಹಕ್ಕೆ ಆ ಸಂಚಿಕೆ ಮುಗಿಯುವುದರೊಳಗೆ ಉತ್ತರ ಹೋಗಬೇಕು. ಉತ್ತರದಲ್ಲಿ 'ಸ್ಥಳಾಭಾವದಿಂದ' ಎಂಬ ಮಾತು ಇರಕೂಡದು. ಬರಹದ ಒಂದಾದರೂ ಸಾಲನ್ನು ಎತ್ತಿ ಹೇಳಿ, ಅದು ಏಕೆ ನಿಂತಿತು ಅಥವಾ ಏಕೆ ಬಿತ್ತು ಎಂದು ತಿಳಿಸಬೇಕು. ಒಂದು ಸಾಲನ್ನು ಎತ್ತಿ ಹೇಳಬೇಕಾದರೆ ಪೂರ್ತಿ ಓದಿರಲೇಬೇಕು ಎಂಬುದು ಈ ನಿಯಮದ ಒಳಗುಟ್ಟು. ಮದುವೆಯ ಸಾಲಿನಲ್ಲಿ ಕುಳಿತವರು ನಿಮ್ಮ ಮೇಲೆ ಸಿಟ್ಟಾಗಿರುವುದು ಕವನ ಬಾರದ್ದಕ್ಕಲ್ಲ, ಓದದೆಯೇ ಇಟ್ಟಿದ್ದೀರಿ ಎಂಬ ಗುಮಾನಿಗೆ. ಓದಿದ್ದೀರಿ ಎಂದು ಖಚಿತವಾದರೆ ಅನೇಕರು, ಎಲ್ಲರೂ ಅಲ್ಲ, ಎರಡು ವಾರದಲ್ಲಿ ಮತ್ತೆ ಮಾತನಾಡಿಸುತ್ತಾರೆ.

ಕೊಡಗಿಗೇ ವಿಶೇಷವಾದ ಒಂದು ಸಂಕಟವನ್ನು ಹೇಳುತ್ತೇನೆ. ಅಕ್ಟೋಬರಿನಲ್ಲಿ ತುಲಾ ಸಂಕ್ರಮಣ ಬರುತ್ತದೆ, ತಲಕಾವೇರಿಯಲ್ಲಿ ತೀರ್ಥೋದ್ಭವವಾಗುತ್ತದೆ, ಅದರ ಜೊತೆಗೆ ಕಾವೇರಿಯ ಮೇಲಿನ ಕವನಗಳೂ ಉದ್ಭವಿಸುತ್ತವೆ. ನಾಪೋಕ್ಲಿನಿಂದ, ಸೋಮವಾರಪೇಟೆಯಿಂದ, ಸಿದ್ದಾಪುರದಿಂದ, ಮೈಸೂರಿನಲ್ಲಿ ನೆಲೆಸಿದ ನಮ್ಮವರಿಂದ ಬರುತ್ತಲೇ ಇರುತ್ತವೆ. ಪ್ರತಿಯೊಂದರಲ್ಲೂ ಭಕ್ತಿ ನಿಜವಾದದ್ದು. ಪ್ರತಿಯೊಂದರಲ್ಲೂ 'ಜೀವನದಿ' ಇರುತ್ತಾಳೆ, 'ಕಲಕಲ' ಇರುತ್ತದೆ. ಇದನ್ನು ಹಿಂದಿರುಗಿಸಿದರೆ ಸಂಪಾದಕನು ದೇವಿಯನ್ನೇ ಹಿಂದಿರುಗಿಸಿದಂತೆ ಕೆಲವರಿಗೆ ತೋರುತ್ತದೆ. ನಾನು ಅವರಿಗೆ ಬರೆಯುವುದು ಒಂದೇ ಬಗೆಯ ಪ್ರಶ್ನೆ: ನಿಮ್ಮ ಮನೆಯ ಹತ್ತಿರ ಹೊಳೆ ಎಲ್ಲಿ ಹರಿಯುತ್ತದೆ, ಜುಲೈಯಲ್ಲಿ ಅದು ಯಾವ ಗದ್ದೆಯ ತನಕ ಏರುತ್ತದೆ, ಏಪ್ರಿಲಿನಲ್ಲಿ ಪಂಪು ಹಚ್ಚಿ ನೀರೆತ್ತುವವರು ಯಾರು? ಹೆಚ್ಚಿನವರು ಉತ್ತರಿಸುವುದಿಲ್ಲ. ಉತ್ತರಿಸಿದ ಒಬ್ಬ ಗೃಹಿಣಿಯ ಪತ್ರವನ್ನು ಕವನದ ಬದಲಿಗೆ ಹಾಗೆಯೇ ಗದ್ಯವಾಗಿ ಪ್ರಕಟಿಸಿದೆವು. ಪ್ರವಾಹದ ನೀರು ಅಡುಗೆಮನೆಯ ಎಷ್ಟನೆಯ ಮೆಟ್ಟಿಲಿಗೆ ಬಂದರೆ ಅಕ್ಕಿಯ ಡಬ್ಬವನ್ನು ಅಟ್ಟಕ್ಕೆ ಏರಿಸಬೇಕು ಎಂದು ಅವರು ಬರೆದಿದ್ದರು. ಆ ಸಂಚಿಕೆಗೆ ಬಂದಷ್ಟು ಪತ್ರಗಳು ಬೇರೆ ಯಾವ ಸಂಚಿಕೆಗೂ ಬಂದಿಲ್ಲ.

ಪತ್ರಿಕೆ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಕೇಳುವವರಿಗೆ ನಾನು ಕೊಡಗಿನ ಗೌರಮ್ಮನವರ ಹೆಸರನ್ನು ಹೇಳುತ್ತೇನೆ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, ಸುಂಟಿಕೊಪ್ಪದ ಬಳಿಯ ಕಾಫಿ ತೋಟದ ಮನೆಯಲ್ಲಿ ಬಾಳಿ, 1939ರಲ್ಲಿ ಈಜಲು ಇಳಿದ ಹೊಳೆಯಲ್ಲಿ ಮುಳುಗಿ ತೀರಿಕೊಂಡ ಅವರಿಗೆ ಆಗ ಇನ್ನೂ ಇಪ್ಪತ್ತೇಳು ವರ್ಷ. ಮಿಸೆಸ್ ಬಿ.ಟಿ.ಜಿ. ಕೃಷ್ಣ ಎಂಬ ಹೆಸರಿನಲ್ಲಿ ಅವರು ಬರೆದ ಕಥೆಗಳು ಪತ್ರಿಕೆಗಳಲ್ಲಿ ಬಂದವು. ಪುಸ್ತಕರೂಪದ ಎರಡು ಸಂಕಲನಗಳು ಬಂದದ್ದು ಅವರು ಹೋದ ಮೇಲೆ. ಅಂದರೆ ಬದುಕಿದ್ದಾಗ ಅವರಿಗೆ ದೊರೆತ ಓದುಗರು ಪತ್ರಿಕೆಗಳ ಓದುಗರೇ. ತೋಟದ ಮನೆಯಿಂದ ಅಂಚೆಗೆ ಹಾಕಿದ ಹಸ್ತಪ್ರತಿಯನ್ನು ದೂರದ ಊರಿನಲ್ಲಿ ಯಾರೋ ಒಬ್ಬ ಸಂಪಾದಕ ಬಿಚ್ಚಿ, ಕುಳಿತು ಓದಿ, ಇದು ಅಚ್ಚಾಗಬೇಕು ಎಂದು ತೀರ್ಮಾನಿಸದೆ ಹೋಗಿದ್ದರೆ ವಿಧವೆಯರ ಬಗ್ಗೆ, ಮೋಸಹೋದ ಹೆಣ್ಣುಮಕ್ಕಳ ಬಗ್ಗೆ ಅಷ್ಟು ನಿರ್ಭಯವಾಗಿ ಬರೆದ ಆ ಕಥೆಗಳು ಸಂಕಲನಕ್ಕೆ ಸಿಗುವ ಮೊದಲೇ ಕಳೆದುಹೋಗುತ್ತಿದ್ದವು. ನಾವು ಇಂದು ಓದದೆ ಬದಿಗಿಟ್ಟ ಲಕೋಟೆಯಲ್ಲಿ ಏನಿದೆ ಎಂಬ ಭಯ ಸಂಪಾದಕನಿಗೆ ಸದಾ ಇರಬೇಕು. ನನಗಂತೂ ಇದೆ.

ಭಾಷೆಯ ವಿಷಯಕ್ಕೆ ಬರುತ್ತೇನೆ. ನಮ್ಮದು ಕನ್ನಡ ಪತ್ರಿಕೆ, ಆದರೆ ನಮಗೆ ಬರೆಯುವವರಲ್ಲಿ ಮನೆಯಲ್ಲಿ ಕನ್ನಡವಾಡುವವರು ಸ್ವಲ್ಪವೇ. ಕೊಡವ ತಕ್ಕ್, ಅರೆಭಾಷೆ, ತುಳು, ಬ್ಯಾರಿ, ಮಲಯಾಳಂ, ಯರವರ ಮತ್ತು ಕುರುಬರ ಮಾತುಗಳು ಇವರ ಮನೆಮಾತು. ಕಥೆಯ ನಿರೂಪಣೆ ಕನ್ನಡದಲ್ಲಿರುತ್ತದೆ, ಅಜ್ಜಿ ಬಾಯಿ ತೆರೆದ ಕೂಡಲೇ ತೊಡಕು ಶುರುವಾಗುತ್ತದೆ. ಅಜ್ಜಿಗೆ ಪಠ್ಯಪುಸ್ತಕದ ಕನ್ನಡವನ್ನು ಕೊಟ್ಟರೆ ಆಕೆ ಅಜ್ಜಿಯಾಗಿ ಉಳಿಯುವುದಿಲ್ಲ. ಆಕೆಯ ಮಾತನ್ನೇ ಹಾಕಿದರೆ ಗುಲ್ಬರ್ಗದ ಓದುಗರು ಹೇಗೆ ಓದಬೇಕು? ಅಡಿಟಿಪ್ಪಣಿ ಹಾಕಿದರೆ ಕಥೆ ಪ್ರವಾಸಿ ಕೈಪಿಡಿಯಂತೆ ಕಾಣುತ್ತದೆ. ಮಾತಿನ ಅರ್ಥ ಸನ್ನಿವೇಶದಿಂದ ಹೊಳೆಯುವಂತಿದ್ದರೆ ಟಿಪ್ಪಣಿಯಿಲ್ಲದೆ ಹಾಗೆಯೇ ಬಿಡುವುದು, ಹೊಳೆಯದಿದ್ದರೆ ಸನ್ನಿವೇಶವನ್ನು ಬಲಪಡಿಸುವಂತೆ ಲೇಖಕರನ್ನು ಕೇಳುವುದು ನಮ್ಮ ಕ್ರಮ. ಕೊಡವ ತಕ್ಕಿನಲ್ಲಿ ಕನ್ನಡ ಲಿಪಿಗೆ ನಿಲುಕದ ಸ್ವರಗಳಿವೆ. ಒಂದೇ ಮಾತನ್ನು ವಿರಾಜಪೇಟೆಯ ಲೇಖಕಿ ಒಂದು ರೀತಿ ಬರೆದರೆ ಮೂರ್ನಾಡಿನ ಲೇಖಕರು ಇನ್ನೊಂದು ರೀತಿ ಬರೆಯುತ್ತಾರೆ. ನಾವು ಇಬ್ಬರ ಕಾಗುಣಿತವನ್ನೂ ಉಳಿಸಿಕೊಳ್ಳುತ್ತೇವೆ, ಒಂದೇ ಬರಹದೊಳಗೆ ಮಾತ್ರ ಅದು ಬದಲಾಗಬಾರದು.

ಇದರಲ್ಲಿ ಕಷ್ಟವಾಗುವುದು ಕರಡು ತಿದ್ದುವ ಹಂತದಲ್ಲಿ. ಅರೆಭಾಷೆಯ ಪಾತ್ರವೊಂದು 'ಉಟ್ಟು' ಎಂದರೆ ಹೊರಗಿನ ಊರಿನ ಡಿಟಿಪಿಯವರು ಅದನ್ನು ಬೆರಳಚ್ಚಿನ ತಪ್ಪೆಂದು ತಿಳಿದು 'ಉಂಟು' ಮಾಡುತ್ತಾರೆ, ನಾವು ಮತ್ತೆ 'ಉಟ್ಟು' ಮಾಡುತ್ತೇವೆ, ಮುಂದಿನ ಕರಡಿನಲ್ಲಿ ಅದು ಪುನಃ '‌ಉಂಟು' ಆಗಿ ಬರುತ್ತದೆ. ಮೊಳೆ ಜೋಡಿಸುವ ಕಾಲದಲ್ಲಿ ತಪ್ಪುಗಳು ಅಕ್ಷರ ಅಕ್ಷರವಾಗಿ ಬರುತ್ತಿದ್ದವು. ಈಗ ಒಟ್ಟಾಗಿ ಬರುತ್ತವೆ. ಲೇಖಕರು ಮೊಬೈಲಿನಲ್ಲಿ ಯೂನಿಕೋಡ್ ಅಕ್ಷರದಲ್ಲಿ ಬರೆದು ವಾಟ್ಸ್ಆ್ಯಪಿನಲ್ಲಿ ಕಳುಹಿಸುತ್ತಾರೆ, ಪುಟ ಕಟ್ಟುವವರು ಇನ್ನೂ 'ನುಡಿ' ಎಂಬ ತಂತ್ರಾಂಶದ ಹಳೆಯ ಅಕ್ಷರದಲ್ಲೇ ಕೆಲಸ ಮಾಡುತ್ತಾರೆ, ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಅರ್ಕಾವತ್ತುಗಳೂ ಒತ್ತಕ್ಷರಗಳೂ ಸ್ಥಳ ತಪ್ಪುತ್ತವೆ. ಗಣಕದ ಪರದೆಯ ಮೇಲೆ ಕರಡು ತಿದ್ದಿದರೆ ಸಾಲದು. ಕಾಗದದ ಮೇಲೆ ಮುದ್ರಿಸಿ, ಒಬ್ಬರು ಗಟ್ಟಿಯಾಗಿ ಓದುತ್ತಿರುವಾಗ ಇನ್ನೊಬ್ಬರು ಮೂಲವನ್ನು ನೋಡುತ್ತ ಹೋಗುವ ಹಳೆಯ ಕ್ರಮಕ್ಕೆ ಸಮನಾದದ್ದು ಇನ್ನೂ ಬಂದಿಲ್ಲ. ನಿಮ್ಮಲ್ಲಿ ಯಾರಿಗಾದರೂ ನಮಗೆ ಸಹಾಯ ಮಾಡಬೇಕೆನಿಸಿದರೆ ಹಣಕ್ಕಿಂತ ಮೊದಲು ಬೇಕಾಗಿರುವುದು ಈ ಎರಡನೆಯ ಧ್ವನಿ.

ಇಷ್ಟೆಲ್ಲ ಏಕೆ ಮಾಡಬೇಕು ಎಂಬ ಪ್ರಶ್ನೆ ಸಹಜವಾದದ್ದು. ನನಗೆ ದೊರೆತದ್ದನ್ನು ಎರಡು ಉದಾಹರಣೆಗಳಿಂದ ಹೇಳುತ್ತೇನೆ.

2018ರ ಆಗಸ್ಟಿನಲ್ಲಿ ಬೆಟ್ಟ ಕುಸಿದಾಗ, ಜೋಡುಪಾಲ, ಮದೆನಾಡಿನ ಕಡೆ ಹೆದ್ದಾರಿಯೇ ಹೋದಾಗ, ದಿನಪತ್ರಿಕೆಗಳೂ ದೂರದರ್ಶನಗಳೂ ತಮ್ಮ ಕೆಲಸವನ್ನು ಆಯಾ ದಿನವೇ ಮಾಡಿದವು. ನಮ್ಮ ಸಂಚಿಕೆ ಆಗ ಹೊರಡುವಂತೆಯೇ ಇರಲಿಲ್ಲ. ಮನೆ ಕಳೆದುಕೊಂಡವರು ಪರಿಹಾರ ಕೇಂದ್ರಗಳಿಂದ ಹೊರಬಂದು, ಬಾಡಿಗೆ ಮನೆ ಹುಡುಕಿ, ಮಕ್ಕಳನ್ನು ಶಾಲೆಗೆ ಸೇರಿಸಿದ ಮೇಲೆ, ಅಂದರೆ ಮುಂದಿನ ಕಾಫಿ ಕೊಯ್ಲಿನ ಹೊತ್ತಿಗೆ, ನಮಗೆ ಬರಹಗಳು ಬರತೊಡಗಿದವು. ಹಿಂದೆಂದೂ ಬರೆಯದವರು ಬರೆದಿದ್ದರು. ಮಣ್ಣಿನ ವಾಸನೆ, ಬೆಟ್ಟ ಜಾರುವ ಮುಂಚೆ ಬಾವಿಯ ನೀರಿನ ಬಣ್ಣ ಬದಲಾದ ರೀತಿ, ಗಡಿಕಲ್ಲು ಹೋದ ತೋಟದಲ್ಲಿ ಯಾರ ಗಿಡ ಯಾರದೆಂದು ಹೇಳಲಾಗದೆ ನೆರೆಯವರಿಬ್ಬರು ನಿಂತದ್ದು, ಇವೆಲ್ಲ ಆ ಬರಹಗಳಲ್ಲಿತ್ತು. ಆಗಸ್ಟಿನಲ್ಲಿ ಕೇಳಿದ್ದರೆ ಅವರು ಹೇಳುತ್ತಿದ್ದುದು ಬೇರೆ. ಮೂರು ತಿಂಗಳಿಗೊಮ್ಮೆ ಬರುವ ಪತ್ರಿಕೆಗೆ ತಡವಾಗಿ ಬಂದದ್ದನ್ನೂ ತೆಗೆದುಕೊಳ್ಳುವ ಅವಕಾಶವಿದೆ. ಸಣ್ಣ ಪತ್ರಿಕೆಯ ನಿಧಾನವನ್ನು ದೋಷವೆಂದು ನಾನು ಅಂದಿನಿಂದ ಭಾವಿಸಿಲ್ಲ.

ಎರಡನೆಯದು ಒಬ್ಬ ಯುವಕನ ಕಥೆ. ಆತ ತೋಟವೊಂದರಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದ. ಕಳುಹಿಸಿದ ಕಥೆ ಪೂರ್ತಿ ಬೆಂಗಳೂರಿನಲ್ಲಿ ನಡೆಯುತ್ತಿತ್ತು, ಆತ ಬೆಂಗಳೂರನ್ನು ಸಿನಿಮಾದಲ್ಲಿ ನೋಡಿದ್ದಷ್ಟೇ. ಒಂದು ಪ್ಯಾರಾದಲ್ಲಿ ಮಾತ್ರ, ನಾಯಕನ ಬಾಲ್ಯದ ನೆನಪಿನಲ್ಲಿ, ತೋಟದ ಕೆಲಸಗಾರರು ವಾಸಿಸುವ ಲೈನ್ ಮನೆಗಳ ಸಾಲಿನಲ್ಲಿ ವಾರದ ಸಂಬಳದ ಸಂಜೆ ಯಾರ ಬಾಗಿಲು ಮೊದಲು ಮುಚ್ಚುತ್ತದೆ ಎಂಬ ವಿವರ ಬಂದಿತ್ತು. ಆ ಪ್ಯಾರಾವನ್ನು ಗೆರೆ ಹಾಕಿ, ಉಳಿದದ್ದನ್ನೆಲ್ಲ ಬಿಟ್ಟು ಇಲ್ಲಿಂದ ಶುರು ಮಾಡಬಹುದೇ ಎಂದು ಕೇಳಿ ಕಳುಹಿಸಿದೆ. ಬಹಳ ಕಾಲ ಉತ್ತರವಿಲ್ಲ, ಸಿಟ್ಟಾಗಿರಬೇಕೆಂದುಕೊಂಡೆ. ಬಂದ ಎರಡನೆಯ ಕರಡಿನಲ್ಲಿ ಲೈನ್ ಮನೆ ಇತ್ತು ಆದರೆ ಭಾಷಣವೂ ಇತ್ತು. ಮೂರನೆಯದರಲ್ಲಿ ಭಾಷಣ ಹೋಗಿ, ಸಂಬಳದ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತುವ ಹೆಂಗಸೊಬ್ಬಳು ತನ್ನ ಹೆಸರಿನ ಮುಂದೆ ಬರೆದ ಅಂಕಿಯನ್ನು ಮಗಳಿಂದ ಓದಿಸುವ ದೃಶ್ಯ ಬಂದಿತ್ತು. ಕಥೆಯನ್ನು ಅಚ್ಚು ಹಾಕಿದೆವು. ಅದನ್ನು ಓದಿದವರು ನಾನೂರೋ ಐನೂರೋ ಜನ. ಮೂರು ಕರಡನ್ನೂ ಓದಿದವನು ನಾನೊಬ್ಬನೇ. ಸಂಪಾದಕನ ಸಂಭಾವನೆ ಏನೆಂದು ಯಾರಾದರೂ ಕೇಳಿದರೆ ಆ ಮೂರು ಕರಡುಗಳನ್ನು ತೆಗೆದು ತೋರಿಸುತ್ತೇನೆ.

ಪತ್ರಿಕೆಯನ್ನು ಪೂರ್ತಿ ಅಂತರ್ಜಾಲಕ್ಕೆ ಒಯ್ಯಬಾರದೇ ಎಂದು ಇಲ್ಲಿಗೆ ಬರುವ ಮುಂಚೆಯೇ ಒಬ್ಬರು ಕೇಳಿದರು. ಒಯ್ಯಬಹುದು, ಅನೇಕರು ಚೆನ್ನಾಗಿ ನಡೆಸುತ್ತಿದ್ದಾರೆ. ಮುದ್ರಣದ ಮತ್ತು ಅಂಚೆಯ ಖರ್ಚು ಅಲ್ಲಿ ಇರುವುದಿಲ್ಲ. ಆದರೆ ಓದಿ ಉತ್ತರಿಸುವ ಕೆಲಸ ಅಷ್ಟೇ ಇರುತ್ತದೆ, ಬರಹಗಳು ಹೆಚ್ಚು ಬರುವುದರಿಂದ ಇನ್ನೂ ಹೆಚ್ಚಾಗುತ್ತದೆ. ಜೊತೆಗೆ ನಮ್ಮ ಕೆಲವು ಊರುಗಳಲ್ಲಿ ಮಳೆಗಾಲದಲ್ಲಿ ವಿದ್ಯುತ್ತು ಹೋದರೆ ವಾರ ಕಳೆಯುತ್ತದೆ. ಆ ವಾರದಲ್ಲಿ ಓದಲು ಸಿಗುವುದು ಕಾಗದವೇ.

ಪತ್ರಿಕೆ ಆರಂಭಿಸಬೇಕೆಂದಿರುವ ಕಿರಿಯರು ಈ ಸಭೆಯಲ್ಲಿ ಇದ್ದಾರೆಂದು ಬಲ್ಲೆ. ಅವರಿಗೆ ಎರಡು ವ್ಯಾವಹಾರಿಕ ಮಾತು. ಚಂದಾದಾರರ ಪಟ್ಟಿ, ಬ್ಯಾಂಕಿನ ಖಾತೆ, ಪುಟಗಳ ಕಡತ, ಈ ಮೂರೂ ಎಂದಿಗೂ ಒಬ್ಬರ ಬಳಿಯೇ ಇರಕೂಡದು. ಸಂಪಾದಕರಿಗೆ ವರ್ಗವಾದರೂ, ಕಾಯಿಲೆಯಾದರೂ ಮುಂದಿನ ಸಂಚಿಕೆ ಬರುವಂತಿರಬೇಕು. ಇನ್ನೊಂದು, ಹಳೆಯ ಸಂಚಿಕೆಗಳ ರಕ್ಷಣೆ. 1954ರ ಕಾಯ್ದೆಯೊಂದರ ಪ್ರಕಾರ ಪ್ರಕಟಣೆಗಳ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ ಮತ್ತು ಗೊತ್ತುಪಡಿಸಿದ ಇತರ ಸಾರ್ವಜನಿಕ ಗ್ರಂಥಾಲಯಗಳಿಗೆ ಪ್ರಕಾಶಕರು ಸ್ವಂತ ಖರ್ಚಿನಲ್ಲಿ ಕಳುಹಿಸಬೇಕು, 1956ರ ತಿದ್ದುಪಡಿಯಿಂದ ಪತ್ರಿಕೆಗಳೂ ಅದರೊಳಗೆ ಬಂದಿವೆ. ಸಣ್ಣ ಪತ್ರಿಕೆಯವರು ಇದನ್ನು ಹೊರೆಯೆಂದು ಬಿಟ್ಟುಬಿಡುತ್ತಾರೆ. ಬಿಡಬೇಡಿ, ನಮ್ಮ ಹವೆಯಲ್ಲಿ ಉಳಿಯದ ಪ್ರತಿ ಅಲ್ಲಿಯಾದರೂ ಉಳಿದೀತು.

ಕೊಡಗಿನಲ್ಲಿ ಹಿಂದೆ ಬಂದು ನಿಂತುಹೋದ ಕನ್ನಡ ಪತ್ರಿಕೆಗಳ ಸಂಚಿಕೆಗಳನ್ನು ಒಟ್ಟುಮಾಡಿ, ಸ್ಕ್ಯಾನ್ ಮಾಡಿಸಿ ಇಡುವ ಕೆಲಸವನ್ನು ಈಚೆಗೆ ಆರಂಭಿಸಿದ್ದೇವೆ. ನಿಮ್ಮ ಮನೆಯ ಅಟ್ಟದಲ್ಲಿ, ಶಾಲೆಯ ಬೀರುವಿನಲ್ಲಿ, ತೀರಿಕೊಂಡ ಹಿರಿಯರ ಪೆಟ್ಟಿಗೆಯಲ್ಲಿ ಅಂಥವು ಇದ್ದರೆ, ಮುಖಪುಟ ಹರಿದಿದ್ದರೂ ಚಿಂತೆಯಿಲ್ಲ, ಮೇ ತಿಂಗಳು ಮುಗಿಯುವುದರೊಳಗೆ ತಂದುಕೊಡಿ. ಸ್ಕ್ಯಾನ್ ಮಾಡಿ ಹಾಗೆಯೇ ಹಿಂದಿರುಗಿಸುತ್ತೇವೆ. ಜೂನಿನ ನಂತರ ಪೆಟ್ಟಿಗೆ ತೆರೆಯಬೇಡಿ, ಒದ್ದೆ ಗಾಳಿ ಒಳಗೆ ಹೋಗುತ್ತದೆ.